ಹಾಲಿಲ್ಲದ ಕೆನೆ

ಹೆಂಡತಿ ತೀರಿಕೊಂಡ ಮೇಲೆ ಆಕೆಯ ಸೀರೆಗಳನ್ನು ನಾನು ಯಾರಿಗೂ ಕೊಡಲಿಲ್ಲ. ಕಬ್ಬಿಣದ ಅಲಮಾರಿಯಲ್ಲಿ ಮಡಿಸಿಟ್ಟು, ಹುಳ ಬೀಳದಿರಲೆಂದು ಪ್ರತಿ ಪದರಕ್ಕೂ ಡಾಂಬರು ಗುಳಿಗೆ ಹಾಕಿ ಬಾಗಿಲು ಮುಚ್ಚಿದೆ. ಆಕೆ ಕುಡಿಯುತ್ತಿದ್ದ, ಎಲೆ ಒತ್ತಿ ಮಾಡಿದ ಚೀನಾ ಚಹಾದ ಅರ್ಧ ಬಿಲ್ಲೆ ಉಳಿದಿತ್ತು. ಅದನ್ನೂ ಅದರ ಕಾಗದದಲ್ಲೇ ಸುತ್ತಿ ಸೀರೆಗಳ ನಡುವೆ ಇಟ್ಟೆ. ನಮ್ಮ ಮನೆಯಲ್ಲಿ ಕಾಪಾಡಬೇಕಾದದ್ದನ್ನೆಲ್ಲ ಇಡುವ ಜಾಗ ಅದೇ.

ವರ್ಷದ ಪೂಜೆಗೆ ತಿಂಗಳಿರುವಾಗ ಅಲಮಾರಿ ತೆಗೆದೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಆ ದಿನ ಫೋಟೋದ ಮುಂದೆ ಎಡೆ ಇಡುವುದು ನಮ್ಮ ಪದ್ಧತಿ. ಅಪ್ಪನಿಗೆ ಬೀಡಿ ಕಟ್ಟು ಇಟ್ಟಿದ್ದೆವು. ಈಕೆಗೆ ಈ ಚಹಾ ಇಡಬೇಕೆಂದು ಮೊದಲೇ ಮನಸ್ಸಿನಲ್ಲಿತ್ತು. ಕಾಗದ ಬಿಚ್ಚಿ ಮೂಗಿಗೆ ಹಿಡಿದರೆ ಬರೀ ಡಾಂಬರು ಗುಳಿಗೆಯ ವಾಸನೆ. ಬಿಸಿನೀರಿಗೆ ಹಾಕಿ ನೋಡಿದೆ. ವಾಸನೆ ಇನ್ನೂ ಎದ್ದಿತು. ಬಚ್ಚಲಿಗೆ ಚೆಲ್ಲಿ ಅಲ್ಲೇ ಕುಳಿತೆ.

ಆ ಚಹಾ ಮನೆಗೆ ಬಂದದ್ದು ಆಕೆಯ ಮೂತ್ರಪಿಂಡ ಕೆಟ್ಟ ಮೇಲೆ. ಅದಕ್ಕೆ ಮೊದಲು ಆಕೆ ಕುಡಿಯುತ್ತಿದ್ದುದು ಎಮ್ಮೆ ಹಾಲಿನ ಗಟ್ಟಿ ಚಹಾ, ಮೇಲೆ ಬೆರಳಗಲ ಕೆನೆ. ಕೆನೆಯನ್ನು ಮೊದಲು ಬಾಯಿಗೆ ಎಳೆದುಕೊಂಡು, ಆಮೇಲೆ ಚಹಾ ಕುಡಿಯುತ್ತಿದ್ದಳು. ವಾರಕ್ಕೆರಡು ಸಲ ಮಾನ್ವಿಯಿಂದ ರಾಯಚೂರಿಗೆ ಡಯಾಲಿಸಿಸ್‌ಗೆ ಹೋಗುವುದು ಶುರುವಾದಾಗ ಡಾಕ್ಟರು ಹಾಲು ಬಿಡಿಸಿದರು. ನೀರಿಗೂ ಅಳತೆ ಬಂತು. ಬೆಳಿಗ್ಗೆ ಒಂದು ಬಾಟಲಿ ತುಂಬಿ ಕಿಟಕಿಯಲ್ಲಿಡುತ್ತಿದ್ದಳು. ಮಾತ್ರೆಗೂ ಬಾಯಾರಿಕೆಗೂ ದಿನವೆಲ್ಲ ಅದೇ. ವಾಪಸು ಬರುವ ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಆಕೆಯ ತುಟಿ ಒಣಗಿರುತ್ತಿತ್ತು. ಒಂದು ಏಲಕ್ಕಿ ಬಾಯಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು.

ಹಾಲಿಲ್ಲದೆ ಕೆನೆಯ ರುಚಿ ಕೊಡುವ ಚಹಾ ಇದೆಯೇ ಎಂದು ಆಕೆ ಫೋನಿನಲ್ಲಿ ಹುಡುಕಿದಳು. ಡಯಾಲಿಸಿಸ್ ಮಂಚದ ಮೇಲೆ ನಾಲ್ಕು ತಾಸು ಮಲಗಿ ಬೇರೇನು ಮಾಡುವುದು. ಚೀನಾದ ಪು-ಅರ್ ಎಂಬ ಚಹಾ, ಅದರಲ್ಲೂ ಹಸಿ ಪು-ಅರ್, ಆಕೆಗೆ ಸಿಕ್ಕಿತು. ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಜೋಳದ ರೊಟ್ಟಿಯ ಹಾಗೆ ದುಂಡಗೆ ಒತ್ತಿ, ವರ್ಷಗಟ್ಟಲೆ ಇಟ್ಟು ಹದಕ್ಕೆ ತರುತ್ತಾರಂತೆ. ಬೇಗ ಮಾಗಿಸಿದ್ದು ಬೇರೆ, ಕಪ್ಪಗೆ ಮಣ್ಣಿನ ವಾಸನೆಯದು. ಹಸಿಯದು ಹೊಂಬಣ್ಣಕ್ಕೆ ಇಳಿಯುತ್ತದೆ. ಎಷ್ಟೋ ಬಗೆ ಕಹಿ, ಕೆಲವು ಮಾತ್ರ ಕೆನೆಯಂತೆ ನುಣ್ಣಗಿರುತ್ತವೆ. ಆ ಕೆಲವನ್ನು ಹುಡುಕುವುದೇ ಆಕೆಯ ಕೆಲಸವಾಯಿತು. ಡಾಕ್ಟರನ್ನು ಕೇಳಿದಳು. ದಿನದ ನೀರಿನ ಲೆಕ್ಕದೊಳಗೆ ಸ್ವಲ್ಪ ಕುಡಿಯಲು ಅವರು ಒಪ್ಪಿದರು. ಕೋಲ್ಕತ್ತಾದ ವ್ಯಾಪಾರಿಯೊಬ್ಬರಿಂದ ಚಿಕ್ಕ ಚಿಕ್ಕ ಪೊಟ್ಟಣ ಬರುತ್ತಿದ್ದವು. ಒಂದೇ ಎಲೆಗೆ ಮತ್ತೆ ಮತ್ತೆ ನೀರು ಸುರಿದು, ಗುಬ್ಬಿಗೆ ನೀರಿಡುವಷ್ಟು ಚಿಕ್ಕ ಬಟ್ಟಲಲ್ಲಿ ಕುಡಿಯುವುದು. ಅಳೆದ ನೀರಿಗೆ ಅದು ಹೊಂದುತ್ತಿತ್ತು.

ಒಂದು ಸಂಜೆ ಹೊಸ ಬಿಲ್ಲೆಯ ಚೂರು ಹಾಕಿ ಕುಡಿದವಳು ಬಟ್ಟಲನ್ನು ನನ್ನ ಕಡೆ ಚಾಚಿದಳು.

"ಒಂದು ಗುಟುಕು ನೋಡ್ರಿ. ಸಿಕ್ಕತು. ಕೆನಿ ನಾಲಿಗಿ ಮ್ಯಾಲ ಕುಂತಂಗ ಆಗತದ."

"ನನಗ ಬ್ಯಾಡ. ಕಹಿ ಅದು. ನೀ ಕುಡಿ."

"ಕುಡಿದ್ರಲ್ಲ ಗೊತ್ತಾಗಾದು."

"ಭತ್ತ ಕಡಿದು ಕಡಿದು ನನ್ನ ನಾಲಿಗಿ ಸತ್ತದ," ಎಂದೆ.

ಅಕ್ಕಿ ಗಿರಣಿಯಲ್ಲಿ ಭತ್ತದ ತೇವ ನೋಡುವುದು ನನ್ನ ಕೆಲಸ. ಕಾಳನ್ನು ಹಲ್ಲಿನಲ್ಲಿ ಕಡಿದೇ ಹೇಳುತ್ತೇನೆ. ಆಕೆ ನಕ್ಕಳು. ಆಮೇಲೂ ಎಷ್ಟೋ ದಿನ ಕೇಳಿದಳು, ನಾನು ಅದನ್ನೇ ಹೇಳಿದೆ. ನಿಜ ಬೇರೆ ಇತ್ತು. ನಾನು ಕುಡಿಯುವ ಒಂದೊಂದು ಗುಟುಕೂ ಆಕೆಯ ಬಾಟಲಿಯ ನೀರು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಆಕೆ ಒತ್ತಾಯ ಮಾಡಿ ಕುಡಿಸುತ್ತಿದ್ದಳು. ಕೊನೆಕೊನೆಗೆ ಕೇಳುವುದನ್ನು ಬಿಟ್ಟಳು. ನನಗೆ ಇಷ್ಟವಿಲ್ಲವೆಂದೇ ತಿಳಿದು ಹೋದಳು.

ವಾಸನೆ ಹಿಡಿದ ಬಿಲ್ಲೆಯನ್ನು ಎಡೆಗೆ ಇಡುವ ಹಾಗಿರಲಿಲ್ಲ. ಚಹಾ ಬಂದಿದ್ದ ಡಬ್ಬಿಯ ಮೇಲೆ ಕೋಲ್ಕತ್ತಾದ ವ್ಯಾಪಾರಿಯ ನಂಬರಿತ್ತು. ಫೋನ್ ಮಾಡಿದೆ. ಕಾಗದದ ಮೇಲಿನ ಚೀನೀ ಅಕ್ಷರದ ಫೋಟೋ ಕಳಿಸಿದೆ. ಆ ಬಿಲ್ಲೆ ಮುಗಿದಿದೆ, ಮತ್ತೆ ಬರುವುದಿಲ್ಲ, ಒಂದು ವರ್ಷದ ಎಲೆಯಂತೆ ಇನ್ನೊಂದು ವರ್ಷದ್ದು ಇರುವುದಿಲ್ಲ ಎಂದರು. ಡಾಂಬರು ಗುಳಿಗೆಯ ವಿಷಯವನ್ನೂ ಹೇಳಿದೆ. ಈ ಚಹಾ ಪಕ್ಕದಲ್ಲಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತದೆ, ಗಾಳಿಗಿಡಿ, ಆದರೆ ಹೋಗುತ್ತದೆಂದು ಹೇಳಲಾರೆ ಎಂದರು. ಆಮೇಲೆ ಅದರಂಥದ್ದು ಬೇರೆ ಹುಡುಕಿಕೊಡುತ್ತೇನೆಂದು ಪ್ರಶ್ನೆ ಕೇಳತೊಡಗಿದರು. ಎಷ್ಟು ಕಹಿ ಇತ್ತು? ಕೆನೆ ಮೊದಲ ಗುಟುಕಿಗೇ ಬರುತ್ತಿತ್ತೋ, ನಾಲ್ಕನೆಯ ನೀರಿಗೋ? ರುಚಿಯಲ್ಲಿ ಕೆನೆಯೋ, ಬಾಯಲ್ಲಿ ಬರೀ ದಪ್ಪವೋ?

ಕೆನೆ ನಾಲಿಗೆಯ ಮೇಲೆ ಕೂತ ಹಾಗೆ ಎಂದು ಆಕೆ ಹೇಳಿದ್ದ ಒಂದೇ ಮಾತನ್ನು ಹೇಳಿದೆ.

"ನೀವೂ ಜೊತೆಗೆ ಕುಡಿದಿರಬೇಕಲ್ಲ?" ಎಂದರು ಅವರು ಹಿಂದಿಯಲ್ಲಿ.

"ಇಲ್ಲ," ಎಂದೆ.

ಅವರೇ ದಾರಿ ಹೇಳಿದರು. ಅಂಥ ಚಹಾದ ನೀರು ತೆಳುವಾಗಿ ಕಂಡರೂ ಬಾಯಲ್ಲಿ ಮಂದವಾಗಿರುತ್ತದೆ, ಚೀನಾದವರು ಅದನ್ನು ಅನ್ನ ಬಸಿದ ಗಂಜಿಗೆ ಹೋಲಿಸುತ್ತಾರೆ ಎಂದರು. ಗಂಜಿ ಎಂದದ್ದು ಕೇಳಿ ಧೈರ್ಯ ಬಂತು. ಹೊಸ ಅಕ್ಕಿಯ ಗಂಜಿ, ಹಳೆ ಅಕ್ಕಿಯ ಗಂಜಿ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಮೂರು ಪೊಟ್ಟಣ ಕಳಿಸಿ ಎಂದೆ.

ಮೊದಲನೆಯದನ್ನು ನಾನೇ ಕೆಡಿಸಿದೆ. ನಮ್ಮ ಚಹಾದಂತೆ ಪಾತ್ರೆಯಲ್ಲಿ ಕುದಿಸಿಬಿಟ್ಟೆ. ಬೇವಿನ ಕಷಾಯವಾಯಿತು. ಎರಡನೆಯದಕ್ಕೆ ಕೊಳವೆಬಾವಿಯ ನೀರು ಹಾಕಿದೆ. ಮೇಲೆ ತೆಳ್ಳಗೆ ಪೊರೆ ಕಟ್ಟಿತು, ಬಾಯಲ್ಲಿ ಸುಣ್ಣದ ರುಚಿ. ಆಕೆ ಯಾವ ನೀರಿನಲ್ಲಿ ಮಾಡುತ್ತಿದ್ದಳೆಂದು ನೆನೆಸಿಕೊಳ್ಳಲು ಒಂದು ದಿನ ಬೇಕಾಯಿತು. ಕಾಲುವೆಯ ನೀರು ನಲ್ಲಿಯಲ್ಲಿ ಬಂದ ದಿನ ಹಿಡಿದು, ತಿಳಿಯಾಗಲು ಬಿಟ್ಟು, ಕಾಸಿ ಆರಿಸಿ ಬಾಟಲಿಗೆ ತುಂಬುತ್ತಿದ್ದಳು. ಅದು ಆಕೆಯ ಮಡಿಯೆಂದು ತಮಾಷೆ ಮಾಡಿದ್ದೆ. ಉಳಿದದ್ದು ಒಂದೇ ಪೊಟ್ಟಣ. ಅದನ್ನು ಪೂಜೆಯ ದಿನಕ್ಕೆಂದು ಇಟ್ಟುಕೊಂಡೆ. ಅಲಮಾರಿಯಲ್ಲಲ್ಲ.

ಹಿಂದಿನ ದಿನವೇ ಅಕ್ಕ ದೇವದುರ್ಗದಿಂದ ಬಂದಳು. ಬೆಳಿಗ್ಗೆ ಎದ್ದು ಹೋಳಿಗೆ ಮಾಡಿ, ಎಮ್ಮೆ ಹಾಲು ಒಲೆಗಿಟ್ಟಳು. ನಾನು ಚಿಕ್ಕ ಬಟ್ಟಲು ತೊಳೆಯುತ್ತಿದ್ದೆ.

"ಏನದು, ಗೊಂಬಿ ಆಟದ ಸಾಮಾನಾ?"

"ಆಕಿ ಚಾ, ಯಕ್ಕಾ. ಎಡಿಗೆ."

"ಆ ಒಣ ಎಲಿ ನೀರಾ? ತಮ್ಮಾ, ಆಕಿಗೆ ಈಗ್ಯಾಕ ಪಥ್ಯ? ಹಾಲು ಬಿಡು ಅನ್ನೋ ಡಾಕ್ಟರ್ ಅದಾನೇನ್ ಅಲ್ಲಿ? ಕೆನಿ ಹಾಕಿ ಚಲೋ ಚಾ ಇಡಾಕತ್ತೀನಿ ನಾ. ಜಲ್ಮೆಲ್ಲ ಕುಡಿದಿದ್ದು ಅದನ್ನೇ."

ತಿಂಗಳಿನಿಂದ ಹುಡುಕಿದ್ದರಲ್ಲಿ ಈ ಮಾತು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆಕೆ ಇದನ್ನು ಇಷ್ಟಪಟ್ಟಿದ್ದಳೋ, ಹಾಲಿನ ಚಹಾ ಸಿಗದೆ ಇದರಲ್ಲಿ ಸಮಾಧಾನ ಮಾಡಿಕೊಂಡಿದ್ದಳೋ? "ಸಿಕ್ಕತು" ಎಂದದ್ದು ನಿಜವೋ, ನನ್ನ ಸಪ್ಪೆ ಮುಖ ನೋಡಲಾರದೆ ಹೇಳಿದ ಮಾತೋ? ಆವತ್ತು ಒಂದು ಗುಟುಕು ಕುಡಿದಿದ್ದರೆ ನನಗೆ ತಿಳಿಯುತ್ತಿತ್ತು.

"ಎರಡೂ ಇಡೋಣ," ಎಂದೆ.

"ನೀ ಹೇಳಿದಂಗ ಆಗಲಿ. ಆಕಿ ಬೇಕಾದ್ದು ಕುಡಿತಾಳ."

ಎರಡೂ ಇಟ್ಟೆವು. ಊದುಬತ್ತಿ ಹಚ್ಚಿ, ಆಕೆ ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಪಡಸಾಲೆಯಲ್ಲಿ ಕುಳಿತೆವು. ಒಳಗೆ ಬಂದಾಗ ಹಾಲಿನ ಚಹಾದ ಮೇಲೆ ಕೆನೆ ಗಟ್ಟಿಯಾಗಿತ್ತು. ಪಕ್ಕದ ಬಟ್ಟಲಿನ ಬಣ್ಣ ಸ್ವಲ್ಪ ಕಂದಿತ್ತು. ಎರಡೂ ಇಟ್ಟ ಹಾಗೆಯೇ ಇದ್ದವು.

ಎಡೆಯನ್ನು ಮನೆಯವರೇ ಉಣ್ಣಬೇಕು. ಅಕ್ಕ ಹಾಲಿನ ಚಹಾ ತೆಗೆದುಕೊಂಡಳು. ನಾನು ಬಟ್ಟಲು ಎತ್ತಿದೆ. ಆರಿತ್ತು. ಮೊದಲು ಕಹಿ, ಆಮೇಲೆ ನಾಲಿಗೆಯ ಅಂಚಿನಲ್ಲಿ ಏನೋ ಮಂದ, ಬಸಿದ ಗಂಜಿಯ ಮೇಲಿನ ತಿಳಿಯಂಥದ್ದು. ನುಂಗಿದ ಕೂಡಲೇ ಹೋಯಿತು. ಅದೇ ಆಕೆ ಹೇಳಿದ ಕೆನೆಯೋ, ತಿಂಗಳಿಡೀ ಅದನ್ನೇ ಬಯಸಿದ ನನ್ನ ಬಾಯಿಗೆ ಹಾಗೆ ಅನ್ನಿಸಿತೋ, ಹೇಳಬಲ್ಲವಳು ಒಬ್ಬಳೇ ಇದ್ದಳು.

ನೀರು ಕಾಸಿ ಅದೇ ಎಲೆಗೆ ಸುರಿದು ಎರಡನೆಯ ಸಲ ಕುಡಿದೆ. ಆಮೇಲೆ ಮೂರನೆಯದು.

"ಹೆಂಗದ?" ಎಂದಳು ಅಕ್ಕ.

"ಇನ್ನೂ ಗೊತ್ತಾಗವಲ್ದು."

"ಸೇರದಿದ್ರ ಚೆಲ್ಲು. ಯಾಕ ಬಲವಂತ ಮಾಡ್ಕೊಳ್ಳಾಕತ್ತೀದಿ?"

ಸೇರುತ್ತದೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ನೀರು ಇಟ್ಟೆ.