ಉಪ್ಪುನೀರಿನ ಕೊಳದಲ್ಲಿ ಶಾಲಿನಿ ಅಕ್ಕ

ಯಾರನ್ನಾದರೂ ಮಾತಿನಲ್ಲಿ ಚುಚ್ಚುವ ಮೊದಲು ಶಾಲಿನಿ ಅಕ್ಕ ಅವರ ಸ್ವೆಟರಿಗೆ ಅಂಟಿದ ದಾರದ ಎಳೆಯೊಂದನ್ನು ಮೆಲ್ಲಗೆ ತೆಗೆಯುತ್ತಿದ್ದರು. ಅಷ್ಟು ಹತ್ತಿರ ಬಂದು, ಅಷ್ಟು ಅಕ್ಕರೆಯಿಂದ. ಮಕ್ಕಳಿಲ್ಲದ ರೇಖಾಳ ತೋಳಿನಿಂದ ಒಮ್ಮೆ ಹಾಗೆ ಎಳೆ ತೆಗೆದು, "ನಮ್ಮ ಬೀದಿಯ ಶಿಶುವಿಹಾರದಲ್ಲಿ ಸೀಟ್ ಖಾಲಿ ಇದೆಯಂತೆ ಕಣೇ. ನಿಂಗೆ ಹೇಳಿ ಏನು ಪ್ರಯೋಜನ" ಎಂದಿದ್ದರು. ರೇಖಾ ಕಾಫಿ ಕಪ್ಪಿನೊಳಗೇ ನೋಡುತ್ತ ಕುಳಿತಳು.

ಸ್ವೀಡನ್ನಿನ ಉಮೆಯೊ ಊರಿನಲ್ಲಿ ಕನ್ನಡದ ನಮಗೆಲ್ಲ ಅವರೇ ಹಿರಿಯರು. ನಾನು ಬಂದ ಹೊಸತರಲ್ಲಿ ಕಚೇರಿಗಳಿಗೆ ಕರೆದೊಯ್ದವರು, ಗಡ್ಡೆಕಟ್ಟಿದ ಹಿಮದ ಮೇಲೆ ಪಾದ ಊರುವುದನ್ನು ಕಲಿಸಿದವರು. "ನಿಂಗೆ ಕಾನ್ವೆಂಟ್‌ನಲ್ಲಿ ಥ್ಯಾಂಕ್ಯೂ ಹೇಳೋದು ಕಲಿಸಿದ್ರು, ಉಪ್ಪಿಟ್ಟು ಮಾಡೋದು ಕಲಿಸ್ಲಿಲ್ಲ" ಎಂದವರೂ ಅವರೇ. ನಾನು ಅದಕ್ಕೂ ಥ್ಯಾಂಕ್ಸ್ ಹೇಳಿದ್ದೆ.

ಆ ಚಳಿಗಾಲ ಸೋರಿಯಾಸಿಸ್‌ನಿಂದ ನನ್ನ ಮೊಣಕೈಗಳು ಬಿರಿದಿದ್ದವು. ಮಗಳನ್ನು ಎತ್ತಿಕೊಂಡರೆ ಅವಳ ಫ್ರಾಕಿಗೆ ರಕ್ತ ಹತ್ತುತ್ತಿತ್ತು. ಅವಳು ನನ್ನ ಬಳಿ ಬರುವುದನ್ನೇ ಬಿಟ್ಟಿದ್ದಳು. ಉಪ್ಪುನೀರಿನಲ್ಲಿ ಕುಳಿತರೆ ಹಗುರಾದೀತು ಎಂದರು ಡಾಕ್ಟರು. ಶಾಲಿನಿ ಅಕ್ಕ, ರೇಖಾ, ನಾನು ಮೂವರೂ ಒಂದು ದಿನದ ಮಟ್ಟಿಗೆ ಬೆಟ್ಟದ ಮೇಲಿನ ಸಾರ್ವಜನಿಕ ಸ್ನಾನಗೃಹಕ್ಕೆ ಹೋದೆವು. ಕಬ್ಬಿಣದಂಶದ ಕೆಂಪು ನೀರು, ಮೂಗು ಮುಚ್ಚಿಸುವ ಗಂಧಕದ ನೀರು, ಕಪ್ಪು ಕೆಸರಿನ ತೊಟ್ಟಿ. ಕೊನೆಯಲ್ಲಿ, ದೊಡ್ಡ ಕಿಟಕಿಯ ಪಕ್ಕ, ಬಿಸಿ ಉಪ್ಪುನೀರಿನ ಕೊಳ.

ಇಳಿಯುವ ಮೊದಲು ಎಲ್ಲರೆದುರು ಬೆತ್ತಲೆ ನಿಂತು ಸೋಪು ಹಾಕಿ ತೊಳೆದುಕೊಳ್ಳಬೇಕು. ನಾನೂ ರೇಖಾಳೂ ಗೋಡೆಯ ಕಡೆ ಮುಖಮಾಡಿ ತೊಳೆದುಕೊಂಡೆವು. ಶಾಲಿನಿ ಅಕ್ಕ ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು ಬಂದರು.

"ಎಣ್ಣೆ ಇಲ್ದೆ ಬಿಸಿನೀರಿಗೆ ಇಳಿದ್ರೆ ಉಷ್ಣ ಆಗತ್ತೆ. ಇವರಿಗೇನು ಗೊತ್ತು ಅಭ್ಯಂಜನ!"

ಅವರೇ ಮೊದಲು ಇಳಿದರು. ನಾನು ಎರಡನೇ ಮೆಟ್ಟಿಲಲ್ಲಿದ್ದೆ. ನೀರು ಮೊಣಕಾಲಿಗೆ ಬಂದಿತ್ತಷ್ಟೆ. ಕೊಳದ ಮೇಲೆ ಎಣ್ಣೆಯ ಪದರ ಬಣ್ಣಬಣ್ಣವಾಗಿ ಹರಡಿತು. ಸ್ವೀಡಿಷ್ ಅಜ್ಜಿಯೊಬ್ಬರು ಎದ್ದು ಹೋಗಿ ಮೇಲ್ವಿಚಾರಕಿಯನ್ನು ಕರೆತಂದರು.

"ಎಣ್ಣೆ ಹಚ್ಚಿಕೊಂಡವರು ಯಾರು?" ಆಕೆ ಇಂಗ್ಲಿಷಿನಲ್ಲಿ ಕೇಳಿದಳು.

ಶಾಲಿನಿ ಅಕ್ಕ ನನ್ನ ಕೈ ಹಿಡಿದು, ಮೊಣಕೈಯನ್ನು ಆಕೆಯತ್ತ ತಿರುಗಿಸಿದರು. "ಪಾಪ, ಇವಳಿಗೆ ಚರ್ಮದ ಕಾಯಿಲೆ. ಔಷಧಿ ಹಚ್ಚಿಕೊಂಡಿದ್ದಾಳೆ" ಎಂದು ಇಂಗ್ಲಿಷಿನಲ್ಲೇ ಹೇಳಿದರು. ಕೊಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದರು.

"ಅಕ್ಕಾ, ನೀವೇ ಅಲ್ವಾ..." ಎಂದಳು ರೇಖಾ.

"ನೀನು ಬಾಯಿ ಮುಚ್ಚೇ."

ನನ್ನ ಬಾಯಿಂದ ಬಂದದ್ದು "ಸಾರಿ" ಒಂದೇ. ಆ ಕೊಳ ಮುಚ್ಚಿತು. ಇನ್ನಾವ ಕೊಳಕ್ಕೂ ಇಳಿಯಬಾರದೆಂದು ಮೇಲ್ವಿಚಾರಕಿ ನನಗೆ ಮೃದುವಾಗಿ ಹೇಳಿದಳು. ಸಂಜೆಯವರೆಗೆ ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕುಳಿತೆ. ಶಾಲಿನಿ ಅಕ್ಕ ಎಣ್ಣೆ ತೊಳೆದುಕೊಂಡು ಕೆಂಪು ನೀರಿನಲ್ಲಿ ಮಿಂದು, ಕೆನ್ನೆ ಗುಲಾಬಿಯಾಗಿ ಬಂದು ಪಕ್ಕ ಕುಳಿತರು.

"ನನ್ನನ್ನ ಎಬ್ಬಿಸಿದ್ರೆ ಮರ್ಯಾದೆ ಹೋಗ್ತಿತ್ತು. ನಿಂಗಾದ್ರೆ ಕಾಯಿಲೆ ಇದೆ, ಯಾರೂ ತಪ್ಪು ತಿಳ್ಕೊಳಲ್ಲ."

ಮನೆಗೆ ಬಂದಾಗ ಮಗಳು ದೂರದಿಂದಲೇ ಕೇಳಿದಳು: "ವಾಸಿಯಾಯ್ತಾ ಅಮ್ಮ?"

ಮುಂದಿನ ಬೇಸಿಗೆಯಲ್ಲಿ ಶಾಲಿನಿ ಅಕ್ಕ ಬೆಂಗಳೂರಿಗೇ ವಾಪಸು ಹೊರಟರು. ವಿಮಾನ ನಿಲ್ದಾಣದ ಬಸ್ಸು ಹತ್ತಿಸಲು ನಾವೆಲ್ಲ ಹೋಗಿದ್ದೆವು. ಮೆಟ್ಟಿಲೇರುವಾಗ ಕಣ್ಣೀರು ಒರೆಸಿಕೊಂಡು, "ನನ್ನ ಮೇಲೆ ಕೋಪ ಗೀಪ ಇಲ್ಲ ತಾನೇ?" ಎಂದರು.

"ಇದೆ ಅಕ್ಕಾ" ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡ್ರೇ, ಇವಳೂ ಜೋಕ್ ಹೊಡೆಯೋದು ಕಲಿತ್ಲು!" ಬಸ್ಸು ತಿರುಗುವವರೆಗೂ ಕಿಟಕಿಯೊಳಗೆ ಅವರ ಭುಜಗಳು ನಗುವಿನಿಂದ ಕುಲುಕುತ್ತಲೇ ಇದ್ದವು.