ರಸೀಲಾಬೆನ್‌ಗೆ ಹೇಳದ ಸುದ್ದಿ

ಸೂರತ್ತಿನ ಕತಾರ್‌ಗಾಮ್‌ನಲ್ಲಿ ಹೇಮಲತಾ ಮೊದಲು ಒಂದು ಕೋಣೆ ಬಾಡಿಗೆಗೆ ಹಿಡಿದು, ಮನಃಶಾಸ್ತ್ರಜ್ಞೆ ಎಂದು ಬೋರ್ಡು ಹಾಕಿದ್ದಳು. ಯಾರೂ ಬರಲಿಲ್ಲ. ಹುಚ್ಚರ ಡಾಕ್ಟರ ಮೆಟ್ಟಿಲು ಹತ್ತಿದ್ದನ್ನು ಬೀದಿ ನೋಡಿಬಿಟ್ಟರೆ ಮನೆಯ ಹೆಣ್ಣುಮಕ್ಕಳನ್ನು ಯಾರು ಕೇಳುತ್ತಾರೆ? ಕೊನೆಗೆ ಅವಳೇ ಬೀದಿಗಿಳಿದಳು. ಮಧ್ಯಾಹ್ನ ಹೆಂಗಸರು ಜಗುಲಿಯಲ್ಲಿ ಕೂತು ಪಾಪಡಿ ಅವರೆಯನ್ನೋ ಬಟಾಣಿಯನ್ನೋ ಸುಲಿಯುವಾಗ ತಾನೂ ಒಂದು ತಟ್ಟೆ ಎಳೆದುಕೊಂಡಳು. ವಜ್ರದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಸಿಪ್ಪೆಯ ರಾಶಿ ಬೆಳೆದ ಹಾಗೆ ಮಾತೂ ಬಂತು.

ರಸೀಲಾಬೆನ್ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದ ಅವಳ ಗಂಡ ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ದಿನವೂ ಅವಳು ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಟು, ಎಲ್ಲೆಲ್ಲೋ ಕೂತು, ಸಂಜೆ ಮರಳುತ್ತಿದ್ದ. ಒಂದು ಸಂಜೆ ಮರಳಲಿಲ್ಲ. ತಾಪಿ ನದಿಯಲ್ಲಿ ಸಿಕ್ಕ.

ವರ್ಷ ಕಳೆದ ಮೇಲೆ ಒಮ್ಮೆ ಅವಳು ತಾನಾಗಿಯೇ ಹೇಳಿದಳು: "ಸತ್ತಿದ್ದಕ್ಕಲ್ಲ ಬೆನ್ ನನ್ನ ಸಿಟ್ಟು. ಉಪ್ಪಿನಕಾಯಿ ಇನ್ನೊಂಚೂರು ಹಾಕ್ಲಾ ಅಂತ ದಿನಾ ಕೇಳ್ತಿದ್ದೆ. ಹಾಕು ಅಂತಿದ್ದ. ಅಷ್ಟು ಹೇಳೋನಿಗೆ ಅದೊಂದು ಹೇಳೋಕೆ ಆಗ್ಲಿಲ್ವಾ?"

ಅಂದಿನಿಂದ ಅವಳ ಮಾತು ಹರಿಯಿತು. ತನ್ನಂತೆಯೇ ಗಂಡನನ್ನು ಕಳೆದುಕೊಂಡವರನ್ನು ಕೈಹಿಡಿದು ಜಗುಲಿಗೆ ಕರೆತಂದಳು. ಧಾರವಾಡದಲ್ಲಿ ಓದಿದ್ದು, ಮಕ್ಕಳ ಆಪ್ತಸಲಹೆಗೆಂದು ವಡೋದರಾದ ಶಾಲೆಗಳನ್ನು ಸುತ್ತಿದ್ದು ಎಲ್ಲವೂ ಇದಕ್ಕೇ ಇರಬೇಕು ಅನ್ನಿಸಿತ್ತು ಹೇಮಲತಾಗೆ.

ಆ ದೀಪಾವಳಿಯಲ್ಲಿ ಬ್ಯಾಂಕಿನಿಂದ ಬಂದ ಗಂಡ ಸತ್ಯಪ್ರಕಾಶ, "ಅಹಮದಾಬಾದಿಗೆ ವರ್ಗಾ ಆಗಬಹುದು ಅನ್ನಾಕತ್ತಾರ. ಆರ್ಡರ್ ಕೈಗೆ ಬರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ವಡೋದರಾದಾಗ ನೆನಪೈತಿಲ್ಲ? ಬೀಳ್ಕೊಡುಗಿ ಊಟಾ ಉಂಡು, ಶಾಲು ಹೊದಿಸ್ಕೊಂಡು, ವರ್ಗಾ ರದ್ದಾಗಿ ಮತ್ತ ಅಲ್ಲೇ ಕುಂತಿದ್ವಿ!" ಎಂದ. ಇಬ್ಬರೂ ನಕ್ಕರು. ಪದೇ ಪದೇ ವರ್ಗವಾಗುವ ಮನೆಗಳ ರೂಢಿಯೇ ಅದು. ಊರು ಬಿಡುವುದು ಅವರಿಗೆ ಕ್ಯಾಲೆಂಡರ್ ಬದಲಿಸಿದಷ್ಟು ಸಲೀಸು. ಹೇಮಲತಾ ಜಗುಲಿಯಲ್ಲಿ ಯಾರಿಗೂ ಹೇಳಲಿಲ್ಲ.

ಆರ್ಡರ್ ಬಂದದ್ದು ಸಂಕ್ರಾಂತಿ ಕಳೆದ ಮೇಲೆ, ಕೂಡಲೇ ಹೊರಡಬೇಕು ಎಂದು. ಇಂದು ಹೇಳೋಣ ಎಂದು ಅವಳು ಸೀರೆ ಉಡುತ್ತಿದ್ದಾಗ ರಸೀಲಾಬೆನ್ ತಾನೇ ಬಂದಳು. ಹಾಲ್‌ನಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳಿದ್ದವು.

"ಯಾವಾಗಿಂದ ಗೊತ್ತು?"

"ಖಚಿತ ಇರಲಿಲ್ಲ ರಸೀಲಾಬೆನ್, ಅದಕ್ಕೇ…"

"ಯಾವಾಗಿಂದ?"

"ದೀಪಾವಳಿಯಿಂದ."

ರಸೀಲಾಬೆನ್ ಪೆಟ್ಟಿಗೆಗಳನ್ನೇ ನೋಡುತ್ತ ನಿಂತಳು. "ನಿನ್ನೆಯೂ ನನ್ನ ಪಕ್ಕದಲ್ಲೇ ಕೂತಿದ್ರಿ," ಎಂದಳು. ಹೇಮಲತಾ ಕೈಹಿಡಿಯಲು ಹೋದಾಗ, ಹೊಸಬರಿಗೆ ಮಾಡುವಂತೆ ಕೈಮುಗಿದು ಹೊರಟುಹೋದಳು.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಹೇಮಲತಾ ಮತ್ತೆ ಹೆಂಗಸರನ್ನು ಸೇರಿಸಿದಳು. ಮೊದಲ ದಿನವೇ ಹೇಳಿದಳು: "ನನ್ನ ಗಂಡನಿಗೆ ವರ್ಗ ಆಗ್ತದೆ. ನಾನೂ ಹೋಗಬೇಕಾಗ್ತದೆ. ಸುಳಿವು ಸಿಕ್ಕ ದಿನವೇ ನಿಮಗೆ ಹೇಳ್ತೀನಿ."

"ಅರೆ ಬೆನ್, ಚಹಾ ಕುಡಿಯೋ ಮೊದಲೇ ಹೊರಟ್ರಾ?" ಎಂದಳು ಒಬ್ಬಳು. ಎಲ್ಲರೂ ಗೊಳ್ಳೆಂದು ನಕ್ಕರು.

ಆ ಸಂಜೆಯೂ ಅವಳು ಸೂರತ್ತಿನ ರಸೀಲಾಬೆನ್‌ಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಪಕ್ಕದ ಮನೆಯವಳಿಗೆ ಮಾಡಿದಾಗ ಅವಳು ದನಿ ತಗ್ಗಿಸಿ, "ಮನೇಲೇ ಇದ್ದಾಳೆ ಬೆನ್. ನಿಮ್ಮ ಹೆಸರು ಕಂಡ್ರೆ ಫೋನ್ ಮಗುಚಿ ಇಡ್ತಾಳೆ. ಈಗ ಯಾರ ಹತ್ರಾನೂ ಮಾತಾಡಲ್ಲ," ಎಂದಳು.