ರಬ್ಬರ್ ತೋಟದಲ್ಲಿ ಪಿಯಾನೊ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಂಜದ ಹತ್ತಿರದ ಗುಡ್ಡೆಯೊಂದರ ರಬ್ಬರ್ ತೋಟದೊಳಗೆ ಪಿಯಾನೊ ಕೇಳಿಸುತ್ತಿದೆ. ಮಫ್ಲರ್ ಸುತ್ತಿಕೊಂಡು, ಸೊಳ್ಳೆಗಳಿಗೆ ಶಾಪ ಹಾಕುತ್ತಾ ನಾನು ನಿಂತಿದ್ದೇನೆ. ತಲೆಗೆ ಟಾರ್ಚು ಕಟ್ಟಿಕೊಂಡ ಹೆಂಗಸೊಬ್ಬರು ಮರದಿಂದ ಮರಕ್ಕೆ ಹೋಗಿ ತೊಗಟೆ ಕೀಸುತ್ತಾರೆ. ಕಟ್ಟಿದ ಗೆರಟೆಗೆ ಬಿಳಿ ಹಾಲು ತೊಟ್ಟಿಕ್ಕುತ್ತದೆ. ಪಿಯಾನೊ ಬರುತ್ತಿರುವುದು ಅವರ ಸೊಂಟದ ಚೀಲದೊಳಗಿನ ಫೋನಿನಿಂದ. ವಿಮಾನ ಕಂಪನಿಯೊಂದು ಅವರನ್ನು ಲೈನಿನಲ್ಲಿ ಕಾಯಲು ಹೇಳಿ ಸಂಗೀತ ಹಾಕಿಟ್ಟಿದೆ.

ಇವರು ಹೇಮಶ್ರೀ. ಬೆಳಿಗ್ಗೆ ಹೀಗೆ ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್, ಹತ್ತು ಗಂಟೆಗೆ ಸುಳ್ಯದ ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ. ಈ ಎರಡರ ನಡುವೆ ಅವರು ಮಾಡುವ ಮೂರನೆಯ ಕೆಲಸಕ್ಕೆ ಹೆಸರೇ ಇಲ್ಲ. ಜಾಲ್ಸೂರಿನಿಂದ ಆಲಂಕಾರಿನವರೆಗೆ ಗಲ್ಫ್ ನಂಟಿರುವ ಮನೆಯವರು ಅವರನ್ನು 'ಪಾಯಿಂಟಿನ ಅಕ್ಕ' ಎನ್ನುತ್ತಾರೆ.

ಪಾಯಿಂಟು ಎಂದರೆ, ಪದೇ ಪದೇ ವಿಮಾನ ಹತ್ತಿದವರಿಗೆ ಕಂಪನಿ ಜಮಾ ಮಾಡುವ ಅಂಕ. ಅದರಲ್ಲಿ ಟಿಕೆಟ್ ತೆಗೆಯಬಹುದು. ತೆಗೆಯುವುದು ಸುಲಭ, ಪರದೇಶದಲ್ಲಿ ಇರುವಾಗ ತಾರೀಕು ಬದಲಿಸಬೇಕಾಗಿ ಬಂತೋ, ಆಗ ಬೆವರಿಳಿಯುತ್ತದೆ. ಪಾಯಿಂಟಿಗೆ ಕೊಡುವ ಸೀಟುಗಳು ಕಡಿಮೆ. ಪಾಯಿಂಟು ಒಂದು ಕಂಪನಿಯದ್ದು, ವಿಮಾನ ಇನ್ನೊಂದರದ್ದು ಆದರಂತೂ ಆ್ಯಪಿನಲ್ಲಿ ಏನೂ ಕಾಣುವುದಿಲ್ಲ, ಫೋನೇ ಮಾಡಬೇಕು. ಡ್ಯೂಟಿಯಲ್ಲಿರುವವನು ಅಷ್ಟು ಹೊತ್ತು ಫೋನು ಹಿಡಿದು ಎಲ್ಲಿ ಕೂರುತ್ತಾನೆ? ಏಜೆನ್ಸಿಗೆ ಇದರಲ್ಲಿ ಕಮಿಷನ್ ಇಲ್ಲ, ಹಾಗಾಗಿ ಆಫೀಸಿನ ಹೊತ್ತಿನಲ್ಲಿ ಬೇಡ ಎಂದರಂತೆ ಅಲ್ಲಿನ ಮಾಲೀಕರು. ಬೆಳಗಿನ ಜಾವ ಲೈನು ಬೇಗ ಸಿಗುತ್ತದೆ ಎಂದು ಹೇಮಶ್ರೀ ಕಂಡುಕೊಂಡದ್ದು ಆಮೇಲೆ.

"ಮರ ಕೀಸ್ಲಿಕ್ಕೆ ಕೈ ಬೇಕು, ಕಾಯ್ಲಿಕ್ಕೆ ಕಿವಿ ಸಾಕು. ಎರಡೂ ಒಟ್ಟಿಗೆ ಆಗ್ತದಲ್ಲ ಮಾರಾಯ್ರೆ," ಎನ್ನುತ್ತಾರೆ. ಆದರೆ ಆ ಪಿಯಾನೊ ಮಾತ್ರ ಕೇಳಿ ಕೇಳಿ ಸಾಕಾಗಿದೆಯಂತೆ. ಎಷ್ಟೋ ವರ್ಷದಿಂದ ಅದೊಂದೇ ರಾಗ. ಬದಲಾಯಿಸಿ ಎಂದು ಒಮ್ಮೆ ಕಂಪನಿಯವರಿಗೆ ಹೇಳಿಯೂ ನೋಡಿದ್ದಾರೆ.

ಹೇಮಶ್ರೀ ಟ್ಯಾಪಿಂಗ್ ಕತ್ತಿ ಹಿಡಿದದ್ದು ಇಷ್ಟಪಟ್ಟಲ್ಲ. ತಂದೆ ಅಡಿಕೆ ಕೊಯ್ಯುವವರು, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವುದರಲ್ಲಿ ಹೆಸರು ಮಾಡಿದವರು. ಒಂದು ದಿನ ಆಚೆ ಮರ ಕೈಗೆ ಸಿಗುವ ಮೊದಲೇ ಈಚೆಯದನ್ನು ಬಿಟ್ಟರು. ಸೊಂಟ ಮುರಿಯಿತು, ಮಗಳ ಕಾಲೇಜು ನಿಂತಿತು. ಈಗ ತಂದೆ ಕೋಲೂರಿಕೊಂಡು ನಡೆಯುತ್ತಾರೆ, ಕೋಳಿಗಳನ್ನು ಗದರಿಸಿಕೊಂಡು ಆರಾಮವಾಗಿದ್ದಾರೆ.

ಜೈನಬಮ್ಮನ ವಿಷಯದಲ್ಲಿ ಹೇಮಶ್ರೀಗೆ ನೆನಪಾದದ್ದು ಅದೇ ಬೀಳುವಿಕೆ.

ಜೈನಬಮ್ಮ ಜಾಲ್ಸೂರಿನವರು. ಹೋದ ವರ್ಷ ಮಗ ಉನೈಸನ ಪಾಯಿಂಟಿನಲ್ಲಿ ಮೆಕ್ಕಾಗೆ ಉಮ್ರಾ ಯಾತ್ರೆ ಹೋದವರು, ಅದು ಮುಗಿಸಿ ಸೌದಿಯ ದಮ್ಮಾಮಿನಲ್ಲಿ ಅವನ ಮನೆಯಲ್ಲಿದ್ದರು. ಊರಿನಲ್ಲಿ ಮಗಳು ಮಿಸ್ರಿಯಾಳಿಗೆ ಚೊಚ್ಚಲ ಹೆರಿಗೆ. ಅಷ್ಟರೊಳಗೆ ಬಂದು ಪಕ್ಕದಲ್ಲೇ ಇರುತ್ತೇನೆಂದು ತಾಯಿ ಮಾತು ಕೊಟ್ಟಿದ್ದರು. ಆದರೆ ಮಿಸ್ರಿಯಾಳ ಬಿ.ಪಿ. ಏರಿತು, ಇನ್ನು ಕಾಯುವುದು ಬೇಡ, ನಾಡಿದ್ದೇ ನೋವು ಬರಿಸಿ ಹೆರಿಗೆ ಮಾಡಿಸೋಣ ಎಂದರು ಸುಳ್ಯದ ಡಾಕ್ಟರು. ತಾಯಿಯ ಟಿಕೆಟಿಗೆ ಇನ್ನೂ ಎರಡು ವಾರ ಬಾಕಿ ಇತ್ತು.

ಗಾಬರಿಯಲ್ಲಿ ಉನೈಸ್ ಆ ಟಿಕೆಟನ್ನು ರದ್ದು ಮಾಡಿ ಬೇರೆ ತೆಗೆಯಲು ಹೊರಟಿದ್ದ. ಬೆರಳು ಒತ್ತುವ ಮೊದಲು, ಪುಣ್ಯಕ್ಕೆ, ಹೇಮಶ್ರೀಗೆ ಫೋನು ಮಾಡಿದ. ರದ್ದು ಮಾಡಿದರೆ ಪಾಯಿಂಟು ಖಾತೆಗೆ ವಾಪಸು ಬರಲು ದಿನಗಳು ಹಿಡಿಯುತ್ತವೆ. ಅಷ್ಟರವರೆಗೆ ಹಳೆಯ ಟಿಕೆಟೂ ಇಲ್ಲ, ಹೊಸತೂ ಇಲ್ಲ. ಬೇರೆ ಟಿಕೆಟ್ ಕೊಳ್ಳುವಷ್ಟು ದುಡ್ಡು ಅವನ ಕೈಯಲ್ಲಿರಲಿಲ್ಲ.

"ಬಿಡಬೇಡಿ ಅಂದೆ. ಆ ಮರ ಕೈಗೆ ಸಿಕ್ಕಿದ ಮೇಲೆ ಈ ಮರ ಬಿಡುದು. ನಮ್ಮಪ್ಪ ಬಿದ್ದದ್ದು ಹಾಗೇ ಅಲ್ವಾ?"

ಮರುದಿನ ಬೆಳಿಗ್ಗೆ ತೋಟದಿಂದಲೇ ಕಂಪನಿಗೆ ಫೋನು ಹಚ್ಚಿದರು. ಉನೈಸನನ್ನೂ ಅದೇ ಕರೆಗೆ ಸೇರಿಸಿಕೊಂಡರು. ಪಾಯಿಂಟು ಯಾರದ್ದೋ ಅವರೇ ಮಾತಾಡಬೇಕೆಂಬುದು ಕಂಪನಿಯ ನಿಯಮ. ನಾನೇ ಅವರ ಹೆಂಡತಿ ಎಂದೆಲ್ಲ ಸುಳ್ಳು ಹೇಳುವ ಏಜೆಂಟರನ್ನು ಕಂಡರೆ ಇವರಿಗೆ ಆಗುವುದಿಲ್ಲ. ಉನೈಸನ ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಜೈನಬಮ್ಮ ಜಪಮಣಿ ಹಿಡಿದು ಕೂತಿದ್ದರು. ಮೂವರಿಗೂ ಪಿಯಾನೊ.

ಈ ತೋಟದಲ್ಲಿ ರೇಂಜ್ ಇರುವುದು ಮೇಲಿನ ಅರ್ಧಕ್ಕೆ ಮಾತ್ರ. ಮೇಲಿನ ಮರಗಳೆಲ್ಲ ಮುಗಿದವು, ಲೈನು ಸಿಗಲಿಲ್ಲ. ಕೆಳಗಿಳಿದರೆ ಕರೆ ಹೋಗುತ್ತದೆ. ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ. ಆಗಲೇ ತೋಟದ ಯಜಮಾನ ತಿರುಮಲೇಶ್ವರರು ಬಂದರು, ಒಣಗಿದ ಎಲೆ ಬಿದ್ದರೂ ಬೈಯುವ ಮನುಷ್ಯ. ಕೈಕಟ್ಟಿ ನಿಂತ ಹೇಮಶ್ರೀಯನ್ನು ನೋಡಿ, ಇದೆಂತ ಕತೆ ಎಂದು ಕೇಳಿದರು. ಹೇಮಶ್ರೀ ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು. ಯಜಮಾನರು ಒಂದಷ್ಟು ಹೊತ್ತು ಪಿಯಾನೊ ಕೇಳಿದರು. ಮತ್ತೆ ಕತ್ತಿ ಇಸಕೊಂಡು, ಗೊಣಗುತ್ತಲೇ, ಕೆಳಗಿನ ಮರ ಕೀಸಲು ಹೋದರು.

"ಅವರು ಕೀಸಿದ ಮರ ಇವತ್ತಿಗೂ ಗುರುತು ಸಿಗ್ತದೆ, ಬನ್ನಿ ತೋರಿಸ್ತೇನೆ," ಎಂದು ಹೇಮಶ್ರೀ ನನ್ನನ್ನು ಕರೆದೊಯ್ಯುತ್ತಾರೆ. ಹೌದು, ಗಾಯಗಳೆಲ್ಲ ವಕ್ರವಕ್ರ.

ಕೊನೆಗೂ ಲೈನು ಸಿಕ್ಕಿತು. ಮಂಗಳೂರಿಗೆ ಪಾಯಿಂಟಿನ ಸೀಟೇ ಇಲ್ಲ. ಅಂದೇ ರಾತ್ರಿ ಕೇರಳದ ಕೋಝಿಕ್ಕೋಡಿಗೆ ಒಂದು ಇತ್ತು. ತಾಯಿ ಒಬ್ಬರೇ ಅಷ್ಟು ದೂರದಿಂದ ಹೇಗೆ ಬರುವುದು ಎಂದು ಉನೈಸ್ ಹಿಂದೆ ಮುಂದೆ ನೋಡಿದ. ಅಷ್ಟರಲ್ಲಿ ಜೈನಬಮ್ಮನೇ ಬಾಯಿ ಹಾಕಿದರು.

"ಕೋಝಿಕ್ಕೋಡಾದ್ರೆ ಎಂತ? ಮಲಯಾಳ ನನಗೆ ಬರುದಿಲ್ವಾ? ಕಾಸರಗೋಡಿಗೆ ರೈಲುಂಟು, ಅಲ್ಲಿಂದ ಬಸ್ಸುಂಟು. ಮಾಡು ಮೋಳೇ, ನೀನು ಮಾಡು ಮಗಳೇ."

ಹೊಸ ಸೀಟು ಖಾತ್ರಿಯಾಯಿತು, ಹಳೆಯದು ಹೋಯಿತು. ಮರುದಿನ ಸಂಜೆ ಕಾಸರಗೋಡಿನ ಬಸ್ಸಿನಿಂದ ಮೆಕ್ಕಾದ ಝಮ್‌ಝಮ್ ನೀರಿನ ಕ್ಯಾನು ಹಿಡಿದು ಸುಳ್ಯದಲ್ಲಿ ಇಳಿದ ಜೈನಬಮ್ಮ ಮನೆಗೂ ಹೋಗದೆ ನೇರ ಆಸ್ಪತ್ರೆಗೆ ನಡೆದರು. ಮಿಸ್ರಿಯಾ ತಾಯಿಯ ಕೈ ಹಿಡಿದವಳು ಬೆಳಗಾಗುವವರೆಗೂ ಬಿಟ್ಟಿಲ್ಲವಂತೆ. ಬೆಳಗಿನ ಜಾವ ಹೆರಿಗೆಯಾಯಿತು, ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಕೆಲವು ದಿನ ಬಿಟ್ಟು ಹೇಮಶ್ರೀ ಮಗುವನ್ನು ನೋಡಲು ಜಾಲ್ಸೂರಿಗೆ ಹೋದರು. ಮಗು ಒಂದೇ ಸಮನೆ ಅಳುತ್ತಿತ್ತು, ಎತ್ತಿಕೊಂಡು ತೂಗುತ್ತಾ ಬಾಯಿಗೆ ಬಂದ ರಾಗವೊಂದನ್ನು ಗುನುಗಿದರು. ಮಗು ಸುಮ್ಮನಾಯಿತು, ನಿದ್ದೆಗೆ ಜಾರಿತು. ಒಳಗಿನಿಂದ ಜೈನಬಮ್ಮ ಬಂದು ಬಾಗಿಲಲ್ಲೇ ನಿಂತರು. ಇದು ನಾವು ಅವತ್ತು ಕೇಳಿದ ಹಾಡಲ್ಲವಾ ಎಂದು ಕೇಳಿದರು. ಆಗಲೇ ಹೇಮಶ್ರೀಗೂ ಗೊತ್ತಾದದ್ದು, ತಾನು ಗುನುಗಿದ್ದು ಪಿಯಾನೊ ರಾಗವೆಂದು. ಈಗ ಆ ಮನೆಯಲ್ಲಿ ಅಜ್ಜಿ ದಿನಾ ಅದನ್ನೇ ಹಾಡುತ್ತಾರೆ.

ತೋಟದಲ್ಲಿ ಬಿಸಿಲು ಬಿದ್ದಿದೆ. ಚೀಲದೊಳಗೆ ಪಿಯಾನೊ ಇನ್ನೂ ನಡೆದಿದೆ. ನಿಮಗೆ ಏನಾದರೂ ಆಸೆ ಉಂಟಾ ಎಂದು ಕೇಳುತ್ತೇನೆ. ಹೇಮಶ್ರೀ ಕತ್ತಿ ಒರೆಸಿಕೊಳ್ಳುತ್ತಾರೆ.

"ಈ ಹಾಡು ಬದಲಾಯಿಸ್ಲಿ ಅಂತ ಇತ್ತು. ಈಗ ಬೇಡ. ಮಗು ಮಲಗ್ತದಲ್ಲ."